ತ್ಯಾಗದ ಫ್ರಿಜ್ಜು

ರಾವಸಾಹೇಬ ಪಾಟೀಲರು ಊರಿಗೆ ಒಂದು ಗಾದೆ ಕೊಟ್ಟಿದ್ದರು. ಅಪ್ಪ ಅಜ್ಜನ ಕಾಲದ್ದಲ್ಲ, ಅವರೇ ಕಟ್ಟಿದ್ದು. "ಕುಂತಲ್ಲೇ ಕಾಳು ಹಾಕಿದ್ರ ಕೋಳಿ ಕೆದರೂದು ಮರೀತೈತಿ." ರೇಶನ್ ಅಂಗಡಿಯ ಮುಂದೆ ಹೆಂಗಸರ ಸಾಲು ಕಂಡರೆ ಹೇಳುವರು. ಚಿಕ್ಕೋಡಿಯ ಬಸ್ಸಿನಿಂದ ಹೆಂಗಸರು ದುಡ್ಡು ಕೊಡದೆ ಇಳಿದರೆ ಹೇಳುವರು. ಕಬ್ಬಿನ ಕಸ ತೆಗೆಯಲು ಆಳು ಸಿಗದಿದ್ದರೆ ಹೇಳುವರು, ಸಿಕ್ಕರೂ ಹೇಳುವರು. ಹೇಳುವಾಗ ಅವರು ಬಾವಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಬೆನ್ನ ಹಿಂದೆ ಪಂಪು ಗುರ್ ಎನ್ನುತ್ತಿತ್ತು. ಆ ಪಂಪಿನ ಕರೆಂಟಿಗೆ ಅವರು ಬಿಲ್ಲು ಕಟ್ಟಿದ್ದನ್ನು ಊರು ಕಂಡಿರಲಿಲ್ಲ. ಆದರೆ ಪಂಪು ಕೋಳಿಯಲ್ಲವಲ್ಲ, ಹಾಗಾಗಿ ಗಾದೆ ಅದಕ್ಕೆ ತಾಗುತ್ತಿರಲಿಲ್ಲ.

ಈ ಗಾದೆಯನ್ನು ಎಲ್ಲರಿಗಿಂತ ಹೆಚ್ಚು ಕೇಳಿದವಳು ಶೇವಂತಾ. ಪಾಟೀಲರ ಹೊಲದಲ್ಲಿ ಕಸ ತೆಗೆಯುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಕಬ್ಬಿನ ಸಾಲಿನೊಳಗೆ ಕುಕ್ಕರಗಾಲಲ್ಲಿ ಕೂತು ಸರಿಯಬೇಕು. ಗಾಳಿ ಬರುವುದಿಲ್ಲ. ರವದಿಯ ಒಣಗರಿ ಮುಖ ಕೊಯ್ಯುತ್ತದೆ, ಬೆವರು ಗಾಯಕ್ಕಿಳಿದು ಉರಿಯುತ್ತದೆ. ಆ ಉರಿಯಲ್ಲಿ ಕೂತವಳ ಕಿವಿಗೆ ಬಾವಿಯ ಕಟ್ಟೆಯಿಂದ ಗಾದೆ ಬಂದು ಬೀಳುತ್ತಿತ್ತು. ಶೇವಂತಾ ಕುರ್ಪಿಯನ್ನು ನೆಲಕ್ಕೆ ಇನ್ನೊಂದಿಷ್ಟು ಜೋರಾಗಿ ಹೊಡೆಯುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು, ಮಗಳು ನೀಲಮ, ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ. ನೀಲಮ ಚಿಕ್ಕೋಡಿಯ ಕಾಲೇಜಿಗೆ ಹೋಗುತ್ತಿದ್ದಳು. ರೇಶನ್ ಅಕ್ಕಿ ಬಂದ ತಿಂಗಳು ಅವಳು ಕಾಲೇಜಿಗೆ, ಬಾರದ ತಿಂಗಳು ತಾಯಿಯ ಜೊತೆ ಕಬ್ಬಿನೊಳಗೆ. ಆ ಮನೆಯ ಲೆಕ್ಕ ಇಷ್ಟೇ, ಇದಕ್ಕಿಂತ ಹೆಚ್ಚಿನ ಅರ್ಥಶಾಸ್ತ್ರ ಅಲ್ಲಿರಲಿಲ್ಲ.

ಈಗ ಫ್ರಿಜ್ಜಿನ ಕಥೆ.

ಹೋದ ವರ್ಷ ಪಾಟೀಲರ ಮಗ ಸಮ್ಮೇದನ ಮದುವೆಯಾಯಿತು. ಊರಿಗೆ ಊರೇ ಉಂಡಿತು, ನಿಪ್ಪಾಣಿಯ ವ್ಯಾಪಾರಿಗಳು ಬಂದು ಉಂಡರು, ಉಂಡ ಪಾತ್ರೆಯನ್ನೆಲ್ಲ ಶೇವಂತಾ ತೊಳೆದಳು. ಹಿತ್ತಲಿನಲ್ಲಿ ಕೂತು, ಮನುಷ್ಯರು ಇಳಿದು ನಿಲ್ಲುವಂಥ ಹಂಡೆಗಳೊಳಗೆ ತಲೆ ಹಾಕಿ ಉಜ್ಜಿದಳು. ಸೋಡಾ ಪುಡಿಗೆ ಅಂಗೈ ಸುಲಿಯಿತು. ಮುಗಿದ ಮೇಲೆ ಕೂಲಿ ಕೇಳಿದರೆ ಪಾಟೀಲರ ಹೆಂಡತಿ ಕುಸುಮಕ್ಕ, ಇವತ್ತು ಬೀಗರಿದ್ದಾರೆ ನಾಳೆ ಬಾ ಎಂದರು. ನಾಳೆ ಹೋದರೆ ಉಳಿದ ಬೂಂದಿ ಕೊಟ್ಟರು. ಮತ್ತೆ ಹೋದರೆ ಸೀರೆಯ ಮಾತಾಡಿದರು. ಹೀಗೆ ಮಳೆಗಾಲ ಬಂತು, ಭಾದ್ರಪದ ಬಂತು, ಜೈನರ ಪರ್ಯೂಷಣ ಬಂತು. ಆ ಹಬ್ಬದಲ್ಲಿ ಒಂದೊಂದು ದಿನಕ್ಕೆ ಒಂದೊಂದು ಧರ್ಮ. ಉತ್ತಮ ತ್ಯಾಗದ ದಿನ ಪಾಟೀಲರ ಮನೆಯಿಂದ ಶೇವಂತಾಳಿಗೆ ಕರೆ ಬಂತು.

ಹಿತ್ತಲಿಗೆ ಹೊರಟವಳನ್ನು ಮುಂಬಾಗಿಲಿಗೆ ಬಾ ಎಂದರು. ಅವಳು ಆ ಮನೆಯ ಮುಂದಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅಲ್ಲಿ ಒಂದು ಹಳೆಯ ಫ್ರಿಜ್ಜು ಚೆಂಡು ಹೂವಿನ ಮಾಲೆ ಹಾಕಿಕೊಂಡು ನಿಂತಿತ್ತು. ಪಾಟೀಲರು ಅದರ ತಲೆಯ ಮೇಲೆ ಕೈಯಿಟ್ಟು ನಕ್ಕರು. ಶೇವಂತಾ ಕೈಮುಗಿಯಬೇಕು ಎಂದರು, ಮುಗಿದಳು. ಫೋಟೊ ತೆಗೆದರು. ಊರಿನ ಎಲ್ಲ ಮೊಬೈಲುಗಳಿಗೂ ಅದು ಹೋಯಿತು. ಕೂಲಿ ಏನಾಯಿತ್ರೀ ಎಂದು ಮೆಲ್ಲಗೆ ಕೇಳಿದ್ದಕ್ಕೆ ಕುಸುಮಕ್ಕ, ಇಷ್ಟು ದೊಡ್ಡದು ಕೊಟ್ಟಿದ್ದೇವಲ್ಲ, ಮತ್ತೆ ಕೂಲಿ ಕೇಳುತ್ತೀಯಾ ಎಂದು ಬೇಜಾರಾದರು. ಅವರ ಬೇಜಾರು ನಿಜವಾದದ್ದೇ. ಅದಕ್ಕೇ ಶೇವಂತಾಳಿಗೆ ಇನ್ನೂ ಹೆಚ್ಚು ಸಿಟ್ಟು ಬಂತು.

ಮನೆಗೆ ತಂದು ಪ್ಲಗ್ಗು ಹಾಕಿದರೆ ಫ್ರಿಜ್ಜು ಒಮ್ಮೆ ಗೊರಕೆ ಹೊಡೆದು ಸತ್ತಿತು. ಬಡವರ ಮನೆಯಲ್ಲಿ ಸತ್ತದ್ದಕ್ಕೂ ಕೆಲಸವಿರುತ್ತದೆ. ಮೇಲಿನ ಅರೆಯಲ್ಲಿ ನೀಲಮಳ ಪುಸ್ತಕ, ನಡುವೆ ರೊಟ್ಟಿ ಬುಟ್ಟಿ, ಕೆಳಗೆ ತರಕಾರಿ ಇಡುವ ಡಬ್ಬಿಯಲ್ಲಿ ಹಳೆಯ ಸೀರೆ. ತಗಡನ್ನು ಇಲಿ ಕೊರೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಬಾಗಿಲು ಮಾತ್ರ ಪೂರ್ತಿ ಮುಚ್ಚುತ್ತಿರಲಿಲ್ಲ. ಆ ಸಂದಿಯಲ್ಲಿ ಮನೆಯ ಕೆಂಪು ಕೋಳಿ ನುಗ್ಗಿ ಹಳೆಯ ಸೀರೆಯ ಮೇಲೆ ಮೊಟ್ಟೆಯಿಡುವುದನ್ನು ರೂಢಿ ಮಾಡಿಕೊಂಡಿತು.

ಒಂದು ವರ್ಷ ಹೀಗೆ ಹೋಯಿತು. ಆಗಸ್ಟ್ ಹದಿನೈದರಂದು ಝೆಂಡಾ ಏರಿಸಿದ ಮೇಲೆ ಪಾಟೀಲರು ಭಾಷಣಕ್ಕೆ ನಿಂತರು. ಗಾಂಧೀಜಿಯನ್ನು ಬೇಗ ಮುಗಿಸಿ ಗಾದೆಗೆ ಬಂದರು. ಆಮೇಲೆ ದನಿ ಏರಿಸಿದರು.

"ನಮ್ಮ ಊರಾಗ ಮನ್ಯಾಗ ಫ್ರಿಜ್ ಇಟ್ಟವರೂ ಬಡವರಂತ. ಫುಕಟ್ ಅಕ್ಕಿ ತಗೊಂಡು ಫ್ರಿಜ್ಜಿನಾಗ ಇಡ್ತಾರ. ಅವರು ಬಡವರಾದ್ರ ನಾವು ಯಾರು?"

ಜನ ಚಪ್ಪಾಳೆ ತಟ್ಟಿದರು. ಶೇವಂತಾ ಕೂಡ ತಟ್ಟಿದಳು. ಊರಿನಲ್ಲಿ ಅಂಥ ಕಳ್ಳರು ಯಾರಿರಬಹುದು ಎಂದು ಕುತ್ತಿಗೆ ಚಾಚಿ ಅತ್ತಿತ್ತ ನೋಡಿದಳು. ನೀಲಮ ಅವಳ ಸೊಂಟಕ್ಕೆ ತಿವಿದು, ಅವ್ವ, ಅದು ನಾವು ಎಂದಳು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ಪಾಟೀಲರ ಎರಡೂ ಕೈಗಳಿಗೆ ಮರೆತುಹೋಗಿತ್ತು.

ಆ ತಿಂಗಳ ಕೊನೆಗೆ ರೇಶನ್ ಅಂಗಡಿಯ ಕಾಕಾಸಾಹೇಬ ಶೇವಂತಾಳ ಚೀಲವನ್ನು ಖಾಲಿಯಾಗಿಯೇ ವಾಪಸು ಕೊಟ್ಟ. ಪಾಟೀಲರು ಹೇಳಿದ ಮೇಲೆ ಸುಮ್ಮನಿರುವುದು ಹೇಗೆ, ಮೇಲಿನವರು ತಪಾಸಕ್ಕೆ ಬರಬಹುದು, ಅಲ್ಲಿಯ ತನಕ ನಿನ್ನ ಅಕ್ಕಿ ಬಂದ್ ಎಂದ. ಫ್ರಿಜ್ಜಿದ್ದರೆ ಅಕ್ಕಿಯಿಲ್ಲ ಎಂಬ ನಿಯಮ ಎಲ್ಲಿದೆ ಎಂದು ನೀಲಮ ಕೇಳಿದಳು. ಅದು ಅವನಿಗೂ ಗೊತ್ತಿರಲಿಲ್ಲ. ಭಾಷಣದಲ್ಲಿ ಬಂದಿದೆಯಲ್ಲ ಎಂದ.

"ಅದು ಸತ್ತದ್ದೈತ್ರಿ. ತಂಪ ಮಾಡೂದಿಲ್ಲ, ಲೈಟ್ ಹತ್ತೂದಿಲ್ಲ," ಎಂದಳು ಶೇವಂತಾ.

"ಸತ್ತ ಎತ್ತಿಗಿ ಎತ್ತು ಅನ್ನೂದಿಲ್ಲೇನು? ಫ್ರಿಜ್ ಅಂದ್ರ ಫ್ರಿಜ್."

ಬಂದು ಕಣ್ಣಾರೆ ನೋಡು ಎಂದು ಅವನನ್ನು ಮನೆಗೆ ಎಳೆದುಕೊಂಡು ಹೋದಳು. ಕಾಕಾಸಾಹೇಬ ಫ್ರಿಜ್ಜಿನ ಬಾಗಿಲು ತೆಗೆದು ಕೆಳಗಿನ ಡಬ್ಬಿಗೆ ಕೈಹಾಕಿದ. ಕೆಂಪು ಕೋಳಿ ಕಾವಿಗೆ ಕೂತಿತ್ತು. ಅವನ ಬೆರಳನ್ನು ರಕ್ತ ಬರುವಂತೆ ಕುಕ್ಕಿತು. ಅವನು ಬೆರಳು ಚೀಪುತ್ತ ಬಗ್ಗಿ ನೋಡಿ, ಫ್ರಿಜ್ಜಿನಲ್ಲಿ ಮೊಟ್ಟೆ ಬೇರೆ ಇವೆ, ಫ್ರಿಜ್ಜಿನಲ್ಲಿ ಮೊಟ್ಟೆ ಇಡುವುದು ಶ್ರೀಮಂತರ ಲಕ್ಷಣ ಎಂದು ತೀರ್ಪು ಕೊಟ್ಟ. ಬೇಕಾದರೆ ಗುಜರಿಯವನಿಗೆ ಹಾಕು ಎಂದು ಉಪಾಯವನ್ನೂ ಹೇಳಿ ಹೋದ.

ಹಾಕಬಹುದಿತ್ತು. ಆದರೆ ಕೋಳಿ? ಅದನ್ನು ಮೊಟ್ಟೆಗಳ ಸಮೇತ ಬುಟ್ಟಿಗೆ ಹಾಕಿ ನೋಡಿದಳು. ಬುಟ್ಟಿಯಿಂದ ಎದ್ದು ಹೋಗಿ ಖಾಲಿ ಡಬ್ಬಿಯಲ್ಲೇ ಕೂತಿತು. ಮೊಟ್ಟೆಗಳನ್ನೇ ಮತ್ತೆ ಅದರ ಕೆಳಗೆ ತಂದಿಡಬೇಕಾಯಿತು. ಮರುದಿನ ನೀಲಮ ಪುಸ್ತಕಗಳನ್ನು ಮೇಲಿನ ಅರೆಯಲ್ಲೇ ಬಿಟ್ಟು, ತಾಯಿ ಹೊಲಕ್ಕೆ ತೊಡುತ್ತಿದ್ದ ಹಳೆಯ ಅಂಗಿ ತೊಟ್ಟು, ಕುರ್ಪಿ ಹಿಡಿದು ಬಾಗಿಲಲ್ಲಿ ನಿಂತಳು. ಅದನ್ನು ನೋಡಿ ಶೇವಂತಾ ಅವತ್ತು ಬಾಯಿ ತೆರೆದಳು.

ಪಾತ್ರೆ ತೊಳೆದವಳು ನಾನು. ಕೂಲಿ ನನ್ನದು. ಆ ಕೂಲಿ ದಾನವಾಯಿತು. ದಾನ ಫೋಟೊ ಆಯಿತು. ಫೋಟೊ ಭಾಷಣವಾಯಿತು. ಭಾಷಣ ಬಂದು ನನ್ನ ಅಕ್ಕಿ ತಿಂದಿತು. ಈಗ ನನ್ನ ಮಗಳನ್ನು ತಿನ್ನುತ್ತಿದೆ. ಇದನ್ನು ಅವಳು ಕಬ್ಬಿನ ಸಾಲಿನಲ್ಲಿ ಎಲ್ಲ ಹೆಂಗಸರಿಗೂ ಕೇಳುವಂತೆ ಹೇಳಿದಳು. ಅವರು ಒಬ್ಬೊಬ್ಬರಾಗಿ ಕುರ್ಪಿ ಕೆಳಗಿಟ್ಟರು. ಆಮೇಲೆ ಯಾರೋ ಒಬ್ಬಳು ಫ್ರಿಜ್ಜು ಎಷ್ಟು ಭಾರ ಇದೆ ಎಂದು ಕೇಳಿದಳು.

ಮತ್ತೆ ಪರ್ಯೂಷಣ ಬಂದಿತ್ತು. ಉತ್ತಮ ತ್ಯಾಗದ ದಿನವೇ ಮುಹೂರ್ತ. ತರಕಾರಿ ಮಾರುವ ಮಲಕಾರಿಯ ಕೈಗಾಡಿ ಸಿಕ್ಕಿತು. ಗಾಡಿಗೆ ಕಟ್ಟಿದ ಧ್ವನಿವರ್ಧಕದ ಭೋಂಗಾ ತಾನಾಗಿಯೇ ಬದನೆಕಾಯಿ, ಟೊಮ್ಯಾಟೊ ಎಂದು ಕೂಗುತ್ತಿತ್ತು. ಅದನ್ನು ನಿಲ್ಲಿಸುವ ಗುಂಡಿ ಕೆಟ್ಟುಹೋಗಿತ್ತು. ಹೆಂಗಸರು ಕಬ್ಬಿನ ಹೊರೆ ಎತ್ತುವ ಕೈಗಳಿಂದ ಫ್ರಿಜ್ಜನ್ನು ಎತ್ತಿ ನಿಲ್ಲಿಸಿ ಹಗ್ಗ ಬಿಗಿದರು. ಕೋಳಿ ಒಳಗೇ ಇತ್ತು. ಗಾಡಿ ಕಲ್ಲು ಹತ್ತಿದಾಗಲೆಲ್ಲ ಒಳಗಿನಿಂದ ಬೈಯುತ್ತಿತ್ತು. ಬೀದಿಯ ಜನ, ಫುಕಟ್ ಅಕ್ಕಿ ತಿಂದು ಶೇವಂತಾ ಇನ್ನೊಂದು ಫ್ರಿಜ್ಜು ತಂದಳು ಎಂದರು. ಗಾಡಿ ಶಾಲೆ ದಾಟುವಷ್ಟರಲ್ಲಿ ಅದು ಎರಡು ಫ್ರಿಜ್ಜು, ಒಂದು ಟಿ.ವಿ. ಆಗಿತ್ತು. ಭೋಂಗಾ ಮಾತ್ರ ಬದನೆಕಾಯಿ ಎನ್ನುತ್ತಲೇ ಇತ್ತು.

ಪಾಟೀಲರು ಬಸದಿಯಿಂದ ಆಗಷ್ಟೇ ಬಂದು ಬಿಳಿ ಧೋತರದಲ್ಲಿ ಮೆಟ್ಟಿಲ ಮೇಲೆ ನಿಂತಿದ್ದರು. ಮನೆಯ ತುಂಬ ನೆಂಟರು. ಹೆಂಗಸರು ಕೇಳದೆ ಗೇಟು ತೆರೆದರು, ಹಿತ್ತಲಿಗೆ ಹೋಗದೆ ಮುಂಬಾಗಿಲಿಗೇ ಬಂದರು, ಫ್ರಿಜ್ಜನ್ನು ಇಳಿಸಿ ಮನೆಯ ಮುಂದಿನ ಕಟ್ಟೆಯ ಮೇಲೆ ನಿಲ್ಲಿಸಿದರು. ಶೇವಂತಾ ತಾನು ತಂದಿದ್ದ ಚೆಂಡು ಹೂವಿನ ಮಾಲೆಯನ್ನು ಪಾಟೀಲರ ಕೊರಳಿಗೆ ಹಾಕಿದಳು. ನೀಲಮ ಮೊಬೈಲು ಎತ್ತಿದಳು.

ಪಾಟೀಲರಿಗೆ ಒಂದು ಚಟವಿತ್ತು. ಎದುರಿಗೆ ಮೊಬೈಲು ಎತ್ತಿದರೆ ಸಾಕು, ಹೊಟ್ಟೆ ಒಳಗೆ ಹೋಗುತ್ತಿತ್ತು, ಹಲ್ಲು ಹೊರಗೆ ಬರುತ್ತಿತ್ತು. ಸಾವಿನ ಮನೆಯಲ್ಲೂ ಹಾಗೇ ಆಗಿ ಒಮ್ಮೆ ಜಗಳವಾಗಿತ್ತು. ಈಗಲೂ ಅವರ ಕೈ ತಾನಾಗಿಯೇ ಫ್ರಿಜ್ಜಿನ ತಲೆಯ ಮೇಲೆ ಹೋಯಿತು.

"ಇವತ್ತ ಉತ್ತಮ ತ್ಯಾಗ ಅಲ್ರಿ ಮಾಲಕ್ರ. ನಾವೂ ತ್ಯಾಗ ಮಾಡಾಕ ಬಂದೀವ್ರಿ," ಎಂದಳು ಶೇವಂತಾ.

ಫೋಟೊ ಬಿದ್ದಾಗಿತ್ತು. ಸಂಜೆಗೆ ಊರಿನ ಎಲ್ಲ ಮೊಬೈಲುಗಳಿಗೂ ಹೋಯಿತು. ಬಡ ಶೇವಂತಾ ಪಾಟೀಲರಿಗೆ ಫ್ರಿಜ್ಜು ದಾನ ಮಾಡುತ್ತಿದ್ದಾಳೆ, ಪಾಟೀಲರು ಸಂತೋಷದಿಂದ ಸ್ವೀಕರಿಸುತ್ತಿದ್ದಾರೆ.

ಇತ್ತ ಪಾಟೀಲರ ಮುಖದ ನಗು ಆರುವ ಮೊದಲೇ ಫ್ರಿಜ್ಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಕೋಳಿ ಕೊರಳು ಚಾಚಿ ನೆಂಟರನ್ನೆಲ್ಲ ಒಂದು ಸುತ್ತು ನೋಡಿತು. ನೆಂಟರು ಹಿಂದೆ ಸರಿದರು. ಪರ್ಯೂಷಣದಲ್ಲಿ, ಪಾಟೀಲರ ಕಟ್ಟೆಯ ಮೇಲೆ, ಫ್ರಿಜ್ಜಿನ ಒಳಗೆ, ಮೊಟ್ಟೆ! ಕುಸುಮಕ್ಕ ಗೋಡೆ ಹಿಡಿದು ಕೂತರು. ಇದು ನನ್ನ ಫ್ರಿಜ್ಜಲ್ಲ, ತೆಗೆದುಕೊಂಡು ಹೋಗಿರಿ ಎಂದು ಪಾಟೀಲರು ಕಿರುಚಿದರು. ಹೆಂಗಸರು ಅಲುಗಾಡಲಿಲ್ಲ. ಆಳುಮಗನನ್ನು ಕರೆದು ಎತ್ತಿ ಹೊರಗಿಡು ಎಂದರು.

ಆಗ ಒಳಗಿನಿಂದ ಆಯಿ ಬಂದರು. ಪಾಟೀಲರ ತಾಯಿ, ಊರಿಗೆಲ್ಲ ಆಯಿ. ದಾರಿಯ ಇರುವೆಗೆ ದಾರಿ ಬಿಟ್ಟು ನಡೆಯುವ ಮುದುಕಿ. ಕಟ್ಟೆಯ ಮೇಲೆ ಕೂತು ಡಬ್ಬಿಯೊಳಗೆ ಬಹಳ ಹೊತ್ತು ನೋಡಿದರು.

"ಕಾವಿಗಿ ಕುಂತೈತಿ. ಒಳಗ ಜೀವ ಅದಾವು," ಎಂದರು. "ಕುಲುಕಿದ್ರ ಸಾಯ್ತಾವು. ಮರಿ ಆಗೂ ತನಕ ಯಾರೂ ಮುಟ್ಟಬ್ಯಾಡ್ರಿ."

ಆಯಿಯ ಮಾತಿನ ಮೇಲೆ ಆ ಮನೆಯಲ್ಲಿ ಮಾತಿಲ್ಲ. ಫ್ರಿಜ್ಜು ಕಟ್ಟೆಯ ಮೇಲೆ ನಿಂತಿತು.

ಶೇವಂತಾ ಹೊರಡುವಾಗ ತನ್ನ ಕರಾರು ಹೇಳಿದಳು. ಝೆಂಡಾ ಕಟ್ಟೆಯ ಹತ್ತಿರ ನಿಂತು ಆಡಿದ ಮಾತನ್ನು ಅಲ್ಲಿಯೇ ನಿಂತು ವಾಪಸು ತೆಗೆದುಕೊಳ್ಳಬೇಕು. ಫ್ರಿಜ್ಜು ನನ್ನದು, ಕೆಟ್ಟದ್ದು, ಕೂಲಿಯ ಬದಲು ಕೊಟ್ಟದ್ದು ಎಂದು ನೀವು ಹೇಳಬೇಕು. ಅಲ್ಲಿಯ ತನಕ ಹೊಲಕ್ಕೆ ಬರುವುದಿಲ್ಲ. ನಾವು ಆಲಸಿಗಳು ಎಂದು ನೀವೇ ಹೇಳಿದ್ದೀರಿ, ಸ್ವಲ್ಪ ದಿನ ಆಲಸಿಗಳಾಗಿಯೇ ಇರುತ್ತೇವೆ.

ಆ ದಿನಗಳು ಹೆಂಗಸರಿಗೆ ಸುಲಭವಾಗಿರಲಿಲ್ಲ. ಕೂಲಿಯಿಲ್ಲ. ಶೇವಂತಾಳಿಗಂತೂ ಅಕ್ಕಿಯೂ ಇಲ್ಲ. ಅಕ್ಕಪಕ್ಕದವರು ತಮ್ಮ ತಮ್ಮ ಪಾಲಿನ ಪುಕ್ಕಟೆ ಅಕ್ಕಿಯಲ್ಲಿ ಒಂದೊಂದು ಬೊಗಸೆ ತಂದು ಅವಳ ಮಡಕೆಗೆ ಸುರಿದರು. ಊರವರು ಬೈಯುವ ಆ ಅಕ್ಕಿಯ ದೆಸೆಯಿಂದಲೇ ಅವರಿಗೆ ಹೊಲಕ್ಕೆ ಬರುವುದಿಲ್ಲ ಎನ್ನುವ ಧೈರ್ಯ ಬಂದಿತ್ತು. ಪಾಟೀಲರಿಗೆ ಆ ಅಕ್ಕಿಯ ಮೇಲೆ ಯಾಕೆ ಅಷ್ಟು ಸಿಟ್ಟು ಎಂಬುದು ಶೇವಂತಾಳಿಗೆ ಮಡಕೆಯ ಮುಂದೆ ಕೂತಾಗ ತಿಳಿಯಿತು.

ಅತ್ತ ಕೋಳಿಗೆ ಸುಗ್ಗಿ. ಆಯಿ ಬೆಳಿಗ್ಗೆ ನೆನೆಸಿದ ಜೋಳ ಹಾಕುವರು, ಮಧ್ಯಾಹ್ನ ಸಜ್ಜೆ, ಬಟ್ಟಲಲ್ಲಿ ಸೋಸಿದ ನೀರು. ಬಿಸಿಲು ಬಿದ್ದರೆ ಕುಸುಮಕ್ಕ ಸೀರೆ ಕಟ್ಟಿ ನೆರಳು ಮಾಡುವರು. ಪರ್ಯೂಷಣ ಮುಗಿದು ಕ್ಷಮಾವಣಿ ಬಂತು. ಎಲ್ಲರೂ ಎಲ್ಲರಲ್ಲೂ ತಪ್ಪಾಯಿತೆಂದು ಕೇಳುವ ದಿನ. ಪಾಟೀಲರ ಮೊಬೈಲಿನಿಂದ ಇಡೀ ಊರಿಗೆ ಕೈಮುಗಿದ ಚಿತ್ರದ ಜೊತೆ ಕ್ಷಮೆ ಹೋಯಿತು. ನೀಲಮಳಿಗೂ ಬಂತು, ನೋಡಿದ ಮಲಕಾರಿ ತನಗೂ ಬಂದಿದೆ ಎಂದ. ಅಕ್ಕಿ ಮಾತ್ರ ಯಾರ ಮೊಬೈಲಿನಿಂದಲೂ ಬರಲಿಲ್ಲ.

ಪಾಟೀಲರು ಬೇರೆ ದಾರಿ ಹುಡುಕಿದರು. ಫ್ರಿಜ್ಜನ್ನು ನಿನ್ನದೆಂದು ಒಪ್ಪಿಕೋ, ಜೊತೆಗೆ ಮಿಕ್ಸರ್ ಕೊಡುತ್ತೇನೆ ಎಂದು ಹೇಳಿ ಕಳಿಸಿದರು. ಮಿಕ್ಸರಿಗೆ ಜಾರ್ ಇರಲಿಲ್ಲ. ಆಮೇಲೆ ಕೂಲರು ಎಂದರು. ಕೊನೆಗೆ ತಾವೇ ಬಂದು ಸಮ್ಮೇದನ ಹಳೆಯ ಮೋಟರ್‌ಸೈಕಲ್ಲು ಎಂದರು. ಶೇವಂತಾ ಹೊಸ್ತಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಎದ್ದು ನಿಲ್ಲಲಿಲ್ಲ.

"ಇನ್ನ ಮ್ಯಾಲೆ ನನಗ ಏನೂ ಕೊಡಬ್ಯಾಡ್ರಿ ಮಾಲಕ್ರ," ಎಂದಳು. "ನೀವು ಒಂದ ಫ್ರಿಜ್ ಕೊಟ್ರಿ, ಅಕ್ಕಿ ಹೋತು. ಮೋಟರ್‌ಸೈಕಲ್ ಕೊಟ್ರ ಮನೀನೂ ಹೋಗ್ತೈತಿ. ನಂದು ನನಗ ಬಿಡ್ರಿ, ಸಾಕು."

ಪಾಟೀಲರು ಹೊಲಕ್ಕೆ ಹೋದರೆ ಅಲ್ಲಿ ಕಬ್ಬಿಗಿಂತ ಕಸ ಎತ್ತರವಾಗಿತ್ತು. ಬೇರೆ ಊರಿನಿಂದ ಆಳು ಕರೆಸೋಣವೆಂದರೆ ಫೋಟೊ ಅಲ್ಲಿಗೂ ಹೋಗಿತ್ತು. ಫ್ರಿಜ್ಜು ಕೊಡುತ್ತೀರೋ, ಕೂಲಿ ಕೊಡುತ್ತೀರೋ ಎಂದು ಅಲಖನೂರಿನವರು ಫೋನಿನಲ್ಲೇ ಕೇಳಿದರು. ಕೊನೆಗೆ ಸಿಟ್ಟಿಗೆದ್ದು, ದುಡಿಮೆ ಎಂದರೇನು ತೋರಿಸುತ್ತೇನೆ ಎಂದು ತಾವೇ ಕುರ್ಪಿ ಹಿಡಿದು ಸಾಲಿನೊಳಗೆ ಕೂತರು. ಆಳುಮಗ ಫೋಟೊ ತೆಗೆದ. ಫೋಟೊ ಚೆನ್ನಾಗಿ ಬಂತು. ಏಳಲು ನೋಡಿದರೆ ಸೊಂಟ ಏಳಲಿಲ್ಲ. ರವದಿಯಲ್ಲಿ ಮುಖ ಕೊಯ್ದುಕೊಂಡು, ಕೂತ ಭಂಗಿಯಲ್ಲೇ ಅವರನ್ನು ಎತ್ತಿ ತಂದು ಕಟ್ಟೆಯ ಮೇಲೆ ಫ್ರಿಜ್ಜಿನ ಪಕ್ಕ ಕೂರಿಸಬೇಕಾಯಿತು.

ಹೀಗೆ ಸೊಂಟ ಹಿಡಿದ ಪಾಟೀಲರೂ ಕಾವಿಗೆ ಕೂತ ಕೋಳಿಯೂ ಒಂದೇ ಕಟ್ಟೆಯ ಮೇಲೆ ದಿನ ಕಳೆದರು. ಕುಸುಮಕ್ಕ ಇಬ್ಬರಿಗೂ ಕೂತಲ್ಲಿಗೇ ಊಟ ಕೊಡುತ್ತಿದ್ದರು. ಕಬ್ಬೂರಿನಿಂದ ಬಂದ ನೆಂಟನೊಬ್ಬ, ಈ ಕೋಳಿಗೆ ಎಷ್ಟು ದಿನ ಪುಕ್ಕಟೆ ಹಾಕುತ್ತೀರಿ ಎಂದು ನಕ್ಕ. ಪಾಟೀಲರಿಗೆ ಯಾಕೋ ರೇಗಿತು.

"ಪಾಪ, ತತ್ತಿ ಬಿಟ್ಟು ಎದ್ದು ಹೆಂಗ ಕೆದರೀತೋ ಅದು? ಹಾಕಾಕ ಬೇಕು," ಎಂದರು.

ಆಯಿ ಮಗನ ಮುಖ ನೋಡಿದರು. ಆ ಮಧ್ಯಾಹ್ನ ಅವರು ಊಟಕ್ಕೆ ಕೂರಲಿಲ್ಲ. ಕುಸುಮಕ್ಕ ಕೇಳಿದರೆ, ಆ ಹೆಂಗಸಿನ ಮನೆಯಲ್ಲಿ ಒಲೆ ಹೊತ್ತಿದೆಯೋ ನೋಡಿ ಬಾ, ಆಮೇಲೆ ಬಡಿಸು ಎಂದರಂತೆ. ಮರುದಿನವೂ ಅವರು ಉಣ್ಣಲಿಲ್ಲ.

ಮರಿಗಳು ಹೊರಬಂದ ಬೆಳಿಗ್ಗೆ ಪಾಟೀಲರೇ ಶೇವಂತಾಳಿಗೆ ಹೇಳಿ ಕಳಿಸಿದರು. ಕಾಕಾಸಾಹೇಬನನ್ನೂ ಕರೆಸಿದರು. ಫ್ರಿಜ್ಜು ಯಾರದ್ದೆಂದು ಅವನು ಎಲ್ಲರೆದುರು ಕೇಳಿದ. ತನ್ನದಲ್ಲ ಎಂದರೆ ಆಯಿ ಉಣ್ಣುವುದಿಲ್ಲ, ಕಸ ಹೋಗುವುದಿಲ್ಲ. ತನ್ನದು ಎಂದರೆ ಮೊಟ್ಟೆ, ಮರಿ, ಹಿಕ್ಕೆ ಎಲ್ಲ ತನ್ನ ಫ್ರಿಜ್ಜಿನವು. ಪಾಟೀಲರು ಬಹಳ ಹೊತ್ತು ಸೊಂಟ ನೀವಿಕೊಂಡರು.

"ಫ್ರಿಜ್ ನಂದು," ಎಂದರು. "ಕೋಳಿ ಅಕೀದು."

"ಇಲ್ಲಿ ಅಲ್ರಿ. ಝೆಂಡಾ ಕಟ್ಟಿ ಕಡೆ," ಎಂದಳು ಶೇವಂತಾ.

ನಡೆಯಲಾಗದ ಪಾಟೀಲರನ್ನು ಮಲಕಾರಿಯ ಕೈಗಾಡಿಯ ಮೇಲೆ, ಫ್ರಿಜ್ಜು ನಿಂತಿದ್ದ ಜಾಗದಲ್ಲೇ ಕೂರಿಸಿ, ಅದೇ ಹೆಂಗಸರು ತಳ್ಳಿಕೊಂಡು ಹೋದರು. ಭಾಷಣದ ಮೈಕು ಇರಲಿಲ್ಲ, ಭೋಂಗಾ ಇತ್ತು. ಪಾಟೀಲರು ಅದರ ಮೈಕು ಹಿಡಿದು, ಆ ಫ್ರಿಜ್ಜು ನನ್ನದು, ಸತ್ತದ್ದು, ಕೂಲಿಯ ಬದಲು ಕೊಟ್ಟದ್ದು, ಶೇವಂತಾಳದ್ದೇನೂ ತಪ್ಪಿಲ್ಲ ಎಂದರು. ಮಾತು ಮುಗಿಯುವ ಮೊದಲೇ ಭೋಂಗಾ, ತಾಜಾ ತಾಜಾ, ಮನೆ ಬಾಗಿಲಿಗೇ ಬಂದೈತಿ ಎಂದು ಕೂಗಿತು. ಊರು ನಕ್ಕು ನಕ್ಕು ಸುಸ್ತಾಯಿತು. ಕಾಕಾಸಾಹೇಬ ಅಂಗಡಿ ತೆಗೆದು ಎರಡು ತಿಂಗಳ ಅಕ್ಕಿ ಅಳೆದ. ಶೇವಂತಾ ನಗಲಿಲ್ಲ. ಚೀಲ ತಲೆಯ ಮೇಲೆ ಹೊತ್ತಾಗ ಅವಳ ಕಣ್ಣು ತುಂಬಿತು, ಅದಕ್ಕೂ ಅವಳಿಗೆ ಸಿಟ್ಟು ಬಂತು. ನೀಲಮಳಿಗೆ ನಾಳೆ ಕಾಲೇಜಿಗೆ ಹೋಗು ಎಂದಳು.

ಕೋಳಿ ತರಲು ಹೆಂಗಸರು ಪಾಟೀಲರನ್ನು ಅದೇ ಗಾಡಿಯಲ್ಲಿ ತಳ್ಳಿಕೊಂಡು ಮತ್ತೆ ಅವರ ಮನೆಗೆ ಹೋದರು. ಪಾಟೀಲರು ಕಟ್ಟೆಯ ಮೇಲೆ ಕೂತು ಮೊಬೈಲು ತೆಗೆದರು. ಕೋಳಿ, ಮರಿ, ಶೇವಂತಾ, ಆಯಿ, ಎಲ್ಲರೂ ಕೂಡಿ ಒಂದು ಫೋಟೊ ಆಗಲಿ ಎಂದರು. ಶೇವಂತಾ ಮೊಬೈಲಿನ ಮುಂದೆ ಅಂಗೈ ಹಿಡಿದಳು. ಹಂಡೆ ಉಜ್ಜಿ ಸುಲಿದು, ಮತ್ತೆ ದಪ್ಪ ಚರ್ಮ ಬಂದ ಅಂಗೈ. ಫೋಟೊದಲ್ಲಿ ಅದೊಂದೇ ಬಂತು.

ಆಯಿ ಫ್ರಿಜ್ಜಿನ ಬಾಗಿಲು ತೆಗೆದು, ಹೋಗವ್ವಾ ಎಂದರು. ಅಷ್ಟು ದಿನ ಕೂತಲ್ಲೇ ಜೋಳ ಸಜ್ಜೆ ತಿಂದು ದುಂಡಗಾಗಿದ್ದ ಕೋಳಿ ಕಟ್ಟೆಯಿಂದ ಧುಮುಕಿತು. ಮುಂದೆ ಬಟ್ಟಲ ತುಂಬ ಕಾಳಿತ್ತು. ಅದರ ಕಡೆ ನೋಡಲಿಲ್ಲ. ನೇರವಾಗಿ ಪಾಟೀಲರ ಗುಲಾಬಿಯ ಪಾತಿಗೆ ಹೋಯಿತು, ಮರಿಗಳನ್ನು ಸುತ್ತ ಕರೆಯಿತು, ಎರಡೂ ಕಾಲಿನಿಂದ ಮಣ್ಣನ್ನು ಹಿಂದಕ್ಕೆ ಎರಚತೊಡಗಿತು.

ಶೇವಂತಾ ಅಕ್ಕಿಯ ಚೀಲವನ್ನು ತಲೆಯ ಮೇಲೆ ಸರಿಯಾಗಿ ಕೂರಿಸಿಕೊಂಡಳು.

"ನೋಡ್ರಿ ಮಾಲಕ್ರ," ಎಂದಳು. "ಇಷ್ಟ ದಿನ ನಿಮ್ಮ ಫುಕಟ್ ಕಾಳು ತಿಂದ ಕೋಳಿ. ಕೆದರಾಕತ್ತೈತಿ."

ಪಾಟೀಲರು ನೋಡಿದರು. ಮಣ್ಣು ಅವರ ಬಿಳಿ ಧೋತರದ ಮೇಲೆ ಬಂದು ಬೀಳುತ್ತಿತ್ತು. ಸೊಂಟ ಹಿಡಿದಿದ್ದರಿಂದ ಅವರಿಗೆ ಎದ್ದು ಪಕ್ಕಕ್ಕೆ ಸರಿಯಲು ಆಗಲಿಲ್ಲ.